ಮೂರನೇ ಸಲ ಕೇಳುವ ತನಕ

ಫಿಡೆಲ್ಮಾ ಸರ್ಕಾರದ ಮೇಲೆ ದೂರು ಕೊಟ್ಟಿದ್ದಾಳೆಂದು ನಮಗೆ ಗೊತ್ತಾದದ್ದು ಭಾನುವಾರದ ಊಟದಲ್ಲಿ, ಹುರಿದ ಆಲೂಗಡ್ಡೆಯ ತಟ್ಟೆ ಎರಡನೇ ಸುತ್ತು ಬರುತ್ತಿದ್ದಾಗ. ಉಪ್ಪು ಈ ಕಡೆ ಕೊಡಿ ಅನ್ನುವ ದನಿಯಲ್ಲೇ ಹೇಳಿದ್ದರಿಂದ ಮೊದಲಿಗೆ ಯಾರ ತಲೆಗೂ ಹೋಗಲಿಲ್ಲ.

"ಶುಕ್ರವಾರ ಕಳಿಸ್ದೆ," ಅಂದಳು. "ಕೆಲಸದ ತಕರಾರು ಕೇಳೋ ಮಂಡಳಿ ಇದೆಯಲ್ಲ, ಅಲ್ಲಿಗೆ. ನನ್ನ ಕಣ್ಣಿನ ವಿಷಯದಲ್ಲಿ ಕಚೇರಿಯವರು ಭೇದ ಮಾಡಿದ್ದಾರೆ ಅಂತ."

ನನ್ನ ತಮ್ಮ ಜಾರ್ಲತ್, ಅಂದರೆ ಅವಳ ಗಂಡ, ಕುರಿಮಾಂಸ ಕೊಯ್ಯುತ್ತಿದ್ದ ಚಾಕುವನ್ನು ಹಾಗೇ ಹಿಡಿದು ನಿಂತ. ಅವರ ಮಗಳು ಸೋರ್ಖಾ ತಟ್ಟೆಯಿಂದ ತಲೆಯೆತ್ತಿದಳು. ನಮ್ಮಮ್ಮ ಅಟ್ರಾಕ್ಟಾ ಮಾತ್ರ "ಗ್ರೇವಿ ಯಾರಿಗೆ ಬೇಕು?" ಅಂತ ಕೇಳುತ್ತಲೇ ಇದ್ದಳು. ಎಂಬತ್ತು ದಾಟಿದ ನಮ್ಮಮ್ಮನಿಗೆ ತನಗೆ ಬೇಕಾದದ್ದು ಮಾತ್ರ ಕೇಳಿಸುತ್ತದೆ ಅನ್ನುವುದು ನಮ್ಮ ಮನೆಯ ಹಳೇ ತಮಾಷೆ. ಕಿವಿ ತೋರಿಸೋಣವೇನಮ್ಮಾ ಅಂತ ಜಾರ್ಲತ್ ಹಿಂದೊಮ್ಮೆ ಕೇಳಿದ್ದ, ಬೇಡ ಅಂದಿದ್ದಳು, ಅಲ್ಲಿಗೆ ಮುಗಿದಿತ್ತು.

ನಾನು ಕನ್ಸೆಪ್ಟಾ. ಮದುವೆಯ ಗೋಜಿಗೆ ಹೋಗಲಿಲ್ಲ. ನಮ್ಮೂರಿನ ಅರ್ಧ ಹೆಂಗಸರ ಕೂದಲು ಕತ್ತರಿಸಿ, ಮೊಣಕಾಲು ಕೈಕೊಟ್ಟ ಮೇಲೆ ಅಂಗಡಿ ಮುಚ್ಚಿ, ತಮ್ಮನ ಮನೆಯ ಹಿಂದಿನ ಕೋಣೆ ಸೇರಿದವಳು. ಕತ್ತರಿ ಬಿಟ್ಟರೂ ನಾಲಿಗೆ ಬಿಟ್ಟಿಲ್ಲ ಅಂತ ಜಾರ್ಲತ್ ಆಡಿಕೊಳ್ಳುತ್ತಾನೆ.

"ಫಿಂಟನ್ ಮೇಲಾ?" ಅಂದ ಜಾರ್ಲತ್. "ನಮ್ಮಪ್ಪನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನ ಮೇಲಾ?"

"ಫಿಂಟನ್ ಮೇಲಲ್ಲ. ಕಚೇರಿ ಮೇಲೆ."

"ಕಚೇರಿ ಅಂದ್ರೆ ಏನು, ಗೋಡೆನಾ? ಅಲ್ಲಿ ದೊಡ್ಡ ಕುರ್ಚೀಲಿ ಕೂತಿರೋನು ಫಿಂಟನ್ನೇ ತಾನೇ."

"ಅಮ್ಮನ್ನ ಮನೆಗೆ ಕಳಿಸೋಕೆ ನೋಡ್ತಿರೋನೂ ಅವನೇ ಅಪ್ಪ," ಅಂದಳು ಸೋರ್ಖಾ.

"ನೀನು ಸುಮ್ನಿರು. ಶಾಲೆ ಬಸ್ ಓಡಿಸೋನು ನಾನು. ಬೆಳಿಗ್ಗೆ ಬೆಳಿಗ್ಗೆ ಅವನ ಮೊಮ್ಮಕ್ಕಳನ್ನ ಹತ್ತಿಸ್ಕೊಳ್ಳೋನು ನಾನು. ಅವರಮ್ಮನ ಮುಖ ಹೇಗೆ ನೋಡ್ಲಿ?"

"ಮುಖ ಯಾಕೆ ನೋಡ್ತೀಯ, ರಸ್ತೆ ನೋಡು."

ನಮ್ಮಮ್ಮ ನನ್ನ ತೋಳು ತಿವಿದಳು. ನಾನು ಅವಳ ಕಿವಿಯ ಹತ್ತಿರ ಬಾಗಿ ಕೂಗಿ ಹೇಳಿದೆ. ಅವಳು ಗ್ರೇವಿಯ ಜಗ್ಗನ್ನು ಕೆಳಗಿಟ್ಟಳು.

"ಸರ್ಕಾರಿ ಕೆಲಸ ಸಿಕ್ಕಿದ ದಿನ ನಿಮ್ಮಪ್ಪ ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿ ಬಂದಿದ್ರು ಫಿಡೆಲ್ಮಾ. ಅಷ್ಟು ವರ್ಷ ಅನ್ನ ಕೊಟ್ಟ ಕಚೇರಿ. ಅದರ ಮೇಲೆ ದೂರಾ? ಊರವರು ಏನಂದುಕೊಳ್ತಾರೆ?"

"ಗೊತ್ತಿಲ್ಲ ಅತ್ತೆ," ಅಂದಳು ಫಿಡೆಲ್ಮಾ. "ಆಲೂಗಡ್ಡೆ ಇನ್ನೊಂದು ಹಾಕಲಾ?"

"ಬೇಡ ಬೇಡ," ಅಂದಳು ನಮ್ಮಮ್ಮ. ಫಿಡೆಲ್ಮಾ ಎರಡು ಹಾಕಿದಳು.

ಫಿಡೆಲ್ಮಾಳ ನೋಟ ಅಂಚಿನಿಂದ ಒಳಕ್ಕೆ ಮುಚ್ಚಿಕೊಳ್ಳುತ್ತಾ ಬಂದಿದೆ. ಎದುರಿಗಿದ್ದದ್ದು ಕಾಣುತ್ತದೆ, ಪಕ್ಕದಲ್ಲಿದ್ದದ್ದು ಇಲ್ಲ. ಬಾಗಿಲ ಸಂದಿಯಿಂದ ನೋಡಿದ ಹಾಗೆ ಅಂತ ಅವಳೇ ಹೇಳುತ್ತಾಳೆ. ಕಾಲುವೆ ದಂಡೆಯ ಸರ್ಕಾರಿ ಕಚೇರಿಯಲ್ಲಿ ರೈತರ ಸಹಾಯಧನದ ಅರ್ಜಿಗಳನ್ನು ನೋಡುವುದು ಅವಳ ಕೆಲಸ. ಶಾಲೆ ಬಿಟ್ಟಾಗಿನಿಂದ ಅಲ್ಲೇ. ಕಿಟಕಿ ಪಕ್ಕದ ಮೂಲೆಯಲ್ಲಿ ಅವಳದೊಂದು ಮೇಜು, ಒಂದು ದೀಪ, ಪರದೆಯಲ್ಲಿರುವುದನ್ನು ಕಿವಿಗೆ ಓದಿ ಹೇಳುವ ಕಂಪ್ಯೂಟರು. ಕಣ್ಣು ಕಿರಿದಾದರೂ ಕೆಲಸ ನಿಲ್ಲಲಿಲ್ಲ.

ಆಮೇಲೆ ಡಬ್ಲಿನ್‌ನಿಂದ ಹೊಸ ಪದ್ಧತಿ ಬಂತು. ಇನ್ನು ಯಾರಿಗೂ ಸ್ವಂತ ಮೇಜಿಲ್ಲ, ಮೊದಲು ಬಂದವರು ಸಿಕ್ಕಲ್ಲಿ ಕೂರಬೇಕು. ಫಿಡೆಲ್ಮಾಗೆ ದಿನಕ್ಕೊಂದು ಮೇಜು, ದಾರಿಯಲ್ಲಿ ಯಾರದೋ ಚೀಲ, ಯಾರದೋ ಕುರ್ಚಿ. ಸಂಜೆ ಅವಳು ಕಾಲುಚೀಲ ಕಳಚಿದರೆ ಮೊಣಕಾಲಿನ ಕೆಳಗೆಲ್ಲ ನೀಲಿ. ಓದಿ ಹೇಳುವ ಕಂಪ್ಯೂಟರು ಎಲ್ಲ ಮೇಜಿನಲ್ಲೂ ಇಲ್ಲ. ಕೆಲಸ ಹಿಂದೆ ಬಿತ್ತು. ಕೆಲಸ ತೃಪ್ತಿಕರವಾಗಿಲ್ಲ ಅಂತ ವರದಿಯಾಯಿತು. ಕೊನೆಗೆ ಫಿಂಟನ್ ಒಳಗೆ ಕರೆದು, ಆರೋಗ್ಯದ ಕಾರಣ ಕೊಟ್ಟು ನಿವೃತ್ತಿ ತಗೊಂಡರೆ ಹೇಗೆ ಅಂತ ಬಹಳ ಮೆತ್ತಗೆ ಕೇಳಿದ. ಅವಳಿಗಿನ್ನೂ ಐವತ್ತೊಂದು. ಆ ಕೆಲಸ ಹೋದರೆ ಇಡೀ ದಿನ ಮನೆಯಲ್ಲಿ ನಮ್ಮಮ್ಮನ ಎದುರು ಕೂರಬೇಕು. ಅದಕ್ಕಿಂತ ದೊಡ್ಡ ಕಾರಣ ದೂರಿಗೆ ಬೇಕಿರಲಿಲ್ಲ ಅಂತ ನಾನು ಹೇಳಿದರೆ ಸೋರ್ಖಾ ನಗುತ್ತಾಳೆ. ನಿಜ ಏನೆಂದರೆ ಫಿಡೆಲ್ಮಾಗೆ ಆ ಕೆಲಸ ಇಷ್ಟ. ಯಾವ ರೈತನ ಯಾವ ಹೊಲ ಎಲ್ಲಿ ಜೌಗು ಹಿಡಿಯುತ್ತದೆ ಅನ್ನುವುದು ಅವಳಿಗೆ ನೆನಪಿರುತ್ತದೆ.

ಮನೆಯಲ್ಲಿ ನಾವೂ ಕಡಿಮೆ ದಯಾವಂತರಲ್ಲ. ಕಣ್ಣಿನ ವಿಷಯ ಗೊತ್ತಾದ ವಾರವೇ ನಮ್ಮಮ್ಮ ಅವಳ ಕೈಯಿಂದ ಆಲೂಗಡ್ಡೆ ಸುಲಿಯುವ ಚಾಕು ಕಿತ್ತುಕೊಂಡಳು. "ನಿಂಗ್ಯಾಕೆ ಕಷ್ಟ, ಕೊಡು," ಅಂದಳು. "ಇಲ್ಲ ಅತ್ತೆ, ಪರವಾಗಿಲ್ಲ," ಅಂದಳು ಫಿಡೆಲ್ಮಾ. ಚಾಕು ಮಾತ್ರ ಮರಳಿ ಅವಳ ಕೈಗೆ ಬರಲಿಲ್ಲ. ಅಂದಿನಿಂದ ನಾವು ತಿನ್ನುವ ಆಲೂಗಡ್ಡೆಯಲ್ಲಿ ಅರ್ಧ ಸಿಪ್ಪೆಯ ಜೊತೆ ಹೋಗುತ್ತದೆ.

ಎರಡು ವಾರ ಜಾರ್ಲತ್ ಮುಖ ಗಂಟಿಕ್ಕಿಕೊಂಡೇ ಬಸ್ ಓಡಿಸಿದ. ಮೂರನೇ ವಾರ ಫಿಂಟನ್ ತಾನೇ ಮನೆಗೆ ಬಂದ. ಬಾಗಿಲಲ್ಲಿ ನಿಂತು ಟೋಪಿ ಕೈಯಲ್ಲಿ ಹಿಡಿದು, ಒಳಗೆ ಬರಲೋ ಬೇಡವೋ ಅನ್ನುವ ಹಾಗೆ ನೋಡಿದ. ದೊಡ್ಡ ಆಳು, ಒಳ್ಳೆಯವನು, ಸುಳ್ಳು ಹೇಳಿದರೆ ಕುತ್ತಿಗೆ ಕೆಂಪಾಗುವ ಜಾತಿ.

"ಟೀ ಕುಡೀತೀಯೇನಪ್ಪ?" ಅಂದಳು ನಮ್ಮಮ್ಮ.

"ಬೇಡ ಅಟ್ರಾಕ್ಟಾ, ಈಗಷ್ಟೇ ಆಯ್ತು."

"ಒಂದೇ ಗುಟುಕು."

"ನಿಮಗ್ಯಾಕೆ ಸುಮ್ನೆ ತೊಂದರೆ."

"ನೀರು ಕುದೀತಾನೇ ಇದೆ ಕಣೋ."

"ಹಾಗಿದ್ರೆ ಅರ್ಧ ಕಪ್ಪು."

ನಮ್ಮಮ್ಮನಿಗೆ ಅವನ ಉತ್ತರ ಒಂದೂ ಕೇಳಿಸಿರಲಾರದು, ಕೇಳಿಸಬೇಕಾಗಿಯೂ ಇರಲಿಲ್ಲ. ನಮ್ಮ ಕಡೆ ಮೊದಲನೇ ಸಲ ಕೇಳಿದಾಗಲೇ ಹೂಂ ಅಂದವರನ್ನು ನಾನು ನೋಡಿಲ್ಲ. ಎರಡನೇ ಸಲಕ್ಕೆ ಹೂಂ ಅಂದರೆ ಹಸಿದು ಬಂದಿದ್ದಾರೆ ಅಂತ ಲೆಕ್ಕ. ಮೂರನೇ ಸಲಕ್ಕೆ ಒಪ್ಪುವುದು ಮರ್ಯಾದೆ. ಮೂರು ಸಲ ಕೇಳದೆ ಬಿಡುವುದು ಮನೆಯವರಿಗೆ ಅವಮರ್ಯಾದೆ. ಫಿಂಟನ್ ತುಂಬಿದ ಕಪ್ಪು ಎರಡು ಕುಡಿದ, ಸೇಬಿನ ಟಾರ್ಟ್ ಎರಡು ತುಂಡು ತಿಂದ, ಆಮೇಲೆ ಬಂದ ವಿಷಯಕ್ಕೆ ಬಂದ.

"ಹಿಂದೆ ತಗೊಂಬಿಡು ಫಿಡೆಲ್ಮಾ. ಗೆಲ್ಲಲ್ಲ ನೀನು. ನಾನು ಕೇಳಿದ್ದೀನಿ ನಿನ್ನ. ಏನಾದ್ರೂ ಅನುಕೂಲ ಬೇಕಾ ಅಂತ ವರ್ಷಕ್ಕೊಂದು ಸಲ ಕೇಳ್ಬೇಕು ಅಂತ ನಿಯಮ ಇದೆ. ಕೇಳಿದೆ. ಬೇಡ, ಆರಾಮಾಗಿದೀನಿ ಅಂದೆ ನೀನು. ಮಾರನೇ ವರ್ಷ ಕೇಳಿದೆ, ಮತ್ತೆ ಅದೇ ಅಂದೆ. ಅದು ಹಾಗೇ ಡಬ್ಲಿನ್‌ಗೆ ಹೋಗಿದೆ."

ಫಿಡೆಲ್ಮಾ ಟೀಪಾಟಿನ ಮೇಲಿನ ಉಣ್ಣೆಯ ಮುಸುಕನ್ನು ಸರಿಮಾಡಿದಳು. ಅವನು ಹೋದ ಮೇಲೆ ಸೋರ್ಖಾ ಎದ್ದು ಅಡುಗೆಮನೆಯ ಬಾಗಿಲು ಹಾಕಿದಳು. ಔಷಧಿ ಅಂಗಡಿಯಲ್ಲಿ ದಿನವಿಡೀ ಊರವರ ಕಾಯಿಲೆ ಕೇಳುವ ಹುಡುಗಿ, ಮನೆಯಲ್ಲಿ ಅವಳಿಗೆ ತಾಳ್ಮೆ ಉಳಿದಿರುವುದಿಲ್ಲ.

"ನಿಜಾನಾ ಅಮ್ಮ? ಬೇಡ ಅಂದ್ಯಾ?"

"ಅಂದೆ."

"ಯಾಕೆ?"

"ಕೇಳಿದ, ಬೇಡ ಅಂದೆ. ಅವನು ಮತ್ತೆ ಕೇಳ್ತಾನೆ ಅಂದ್ಕೊಂಡೆ."

"ಎಷ್ಟು ಸಲ ಕೇಳ್ಬೇಕಿತ್ತು?"

"ಎಲ್ಲರೂ ಎಷ್ಟು ಸಲ ಕೇಳ್ತಾರೋ ಅಷ್ಟು."

ಸೋರ್ಖಾ ತಲೆ ಹಿಡಿದುಕೊಂಡು ಕೂತಳು. "ಅದು ಟೀ ಅಲ್ಲಮ್ಮ. ನಿನ್ನ ಕೆಲಸ."

"ನಂಗೆ ಬೇರೆ ಥರ ಬರಲ್ಲ ಕಣೇ," ಅಂದಳು ಫಿಡೆಲ್ಮಾ. "ಕೇಳಿದ ತಕ್ಷಣ ಕೊಡಿ ಅಂತ ಕೈ ಚಾಚೋದು ನಂಗೆ ಹೇಳ್ಕೊಟ್ಟಿಲ್ಲ ಯಾರೂ."

ಜಾರ್ಲತ್ ಕಿಟಕಿಯ ಹತ್ತಿರ ನಿಂತಿದ್ದ. ಅಷ್ಟು ದಿನದಲ್ಲಿ ಮೊದಲ ಸಲ ಅವನ ಮುಖದ ಗಂಟು ಬಿಚ್ಚಿತು. "ಅವನಿಗೆ ಗೊತ್ತಿರ್ಬೇಕಿತ್ತು," ಅಂದ. "ಫಿಂಟನ್‌ಗೆ. ಅವನೇನು ಹೊರಗಿನವನಾ?"

ಅಂದಿನಿಂದ ಮನೆಯಲ್ಲಿ ಎರಡು ಪಕ್ಷವಿದ್ದದ್ದು ಒಂದೂವರೆ ಆಯಿತು. ಅರ್ಧ ನಮ್ಮಮ್ಮ. ಅವಳು ಬಟ್ಟೆ ಮಡಚುವಾಗಲೂ ಗೊಣಗುತ್ತಿದ್ದಳು, ಆದರೆ ಫಿಡೆಲ್ಮಾಳ ಅಂಗಿಗಳನ್ನು ಮಾತ್ರ ಮೊದಲು ಇಸ್ತ್ರಿ ಮಾಡುತ್ತಿದ್ದಳು. ವಿಚಾರಣೆಯಲ್ಲಿ ಫಿಡೆಲ್ಮಾ ತನ್ನ ಹೇಳಿಕೆಯನ್ನು ಕಾಗದದಿಂದ ಓದಲಾರಳು, ಅಲ್ಲಿಯ ಬೆಳಕಿನಲ್ಲಿ ಅಕ್ಷರ ಕಾಣುವುದೋ ಇಲ್ಲವೋ ಯಾರಿಗೆ ಗೊತ್ತು. ಹಾಗಾಗಿ ಬಾಯಿಪಾಠ ಮಾಡಿದಳು. ಹಿತ್ತಲಲ್ಲಿ ಒದ್ದೆ ಬಟ್ಟೆ ತಂತಿಗೆ ಹಾಕುತ್ತಾ, ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡೇ ಹೇಳಿಕೊಳ್ಳುತ್ತಿದ್ದಳು. ಕ್ಲಿಪ್ಪಿನ ಬುಟ್ಟಿಯನ್ನು ನೋಡದೆಯೇ ಅವಳ ಕೈ ಹೋಗಿ ಬರುತ್ತಿತ್ತು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಾ ನಿಂತು ಎಷ್ಟೋ ಸಲ ಹಾಲು ಉಕ್ಕಿಸಿದ್ದೇನೆ. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದು ನಾನು ಅವಳನ್ನು ಪಾಪದವಳು ಅಂತ ತಿಳಿದಿದ್ದೆ. ಬಟ್ಟೆಯ ಸಾಲಿನ ನಡುವೆ ಅವಳ ಬೆನ್ನು ನೋಡುತ್ತಾ, ಇವಳು ಯಾರು ಅಂತ ನನಗೆ ಬೆರಗಾಗುತ್ತಿತ್ತು.

ವಿಚಾರಣೆ ನಡೆದದ್ದು ನಮ್ಮೂರಿನ ಹೋಟೆಲಿನ ದೊಡ್ಡ ಕೋಣೆಯಲ್ಲಿ. ಮಂಡಳಿಯವರು ಊರೂರಿಗೆ ಬಂದಾಗ ಅಲ್ಲೇ ಕೂರುತ್ತಾರೆ. ನಮ್ಮಪ್ಪನ ಅಂತ್ಯಕ್ರಿಯೆಯ ಊಟವೂ ಅಲ್ಲೇ ಆಗಿತ್ತು, ಅದೇ ಕೆಂಪು ಕಾರ್ಪೆಟ್ಟು. ಯಾರು ಬೇಕಾದರೂ ಕೂತು ಕೇಳಬಹುದು, ಹಾಗಾಗಿ ನಾವೆಲ್ಲ ಹಿಂದಿನ ಕುರ್ಚಿಗಳಲ್ಲಿ ಕೂತೆವು. ನಮ್ಮಮ್ಮ ಚರ್ಚಿಗೆ ಹಾಕುವ ಕೋಟು ಹಾಕಿಕೊಂಡು ಬಂದಿದ್ದಳು. ವಿಚಾರಣೆ ಮಾಡುವ ಅಧಿಕಾರಿ ನೆಗಡಿ ಹಿಡಿದಿದ್ದ ಒಬ್ಬ ಹೆಂಗಸು, ಪಕ್ಕದಲ್ಲಿ ಟಿಶ್ಯೂ ಪೆಟ್ಟಿಗೆ. ಫಿಡೆಲ್ಮಾ ಜೊತೆ ನೌಕರರ ಸಂಘದಾಕೆ, ಎದುರು ಡಬ್ಲಿನ್‌ನಿಂದ ಬಂದ ಸರ್ಕಾರದ ವಕೀಲ, ಅವನ ಪಕ್ಕ ಕುತ್ತಿಗೆ ಆಗಲೇ ಕೆಂಪಾಗಿದ್ದ ಫಿಂಟನ್.

ಫಿಡೆಲ್ಮಾ ತನ್ನ ಹೇಳಿಕೆಯನ್ನು ಒಂದು ಕಡೆಯೂ ತಡವರಿಸದೆ ಹೇಳಿದಳು. ವಕೀಲ ಎದ್ದು ಸಣ್ಣದಾಗಿ ಮುಗಿಸಿದ. ಕಚೇರಿ ಕೇಳಿದೆ, ಅವರು ಬೇಡ ಅಂದಿದ್ದಾರೆ, ಮತ್ತೊಮ್ಮೆ ಕೇಳಿದೆ, ಮತ್ತೆ ಬೇಡ ಅಂದಿದ್ದಾರೆ, ಬೇಡ ಅಂದವರಿಗೆ ಕೊಡದಿರುವುದು ಭೇದ ಹೇಗಾಗುತ್ತದೆ ಅಂದ. ಫಿಂಟನ್ ಅದೆಲ್ಲ ಹೌದು ಅಂದ. ಸೋರ್ಖಾ ನನ್ನ ಕೈ ಹಿಂಡಿದಳು. ಮುಗಿಯಿತು ಅಂತ ನನಗೂ ಅನ್ನಿಸಿತು.

ಸಂಘದಾಕೆ ಏನೋ ಹೇಳಲು ಹೊರಟಾಗ ಫಿಡೆಲ್ಮಾ ಅವಳ ತೋಳು ಮುಟ್ಟಿ ತಡೆದಳು. ಫಿಂಟನ್‌ನನ್ನು ತಾನೇ ಒಂದೆರಡು ಮಾತು ಕೇಳಬಹುದೇ ಅಂತ ಅಧಿಕಾರಿಯ ಅಪ್ಪಣೆ ಪಡೆದಳು. ಆಮೇಲೆ ಅವನ ಮುಖ ಸಿಗುವವರೆಗೆ ತಲೆಯನ್ನು ನಿಧಾನವಾಗಿ ತಿರುಗಿಸಿದಳು.

"ಫಿಂಟನ್, ಆವತ್ತು ನಮ್ಮನೆಗೆ ಬಂದಿದ್ದೆ. ಟೀ ಕುಡೀತೀಯಾ ಅಂತ ನಮ್ಮತ್ತೆ ಕೇಳಿದ್ರು. ಏನಂದೆ?"

ವಕೀಲ ಇದಕ್ಕೂ ಅದಕ್ಕೂ ಏನು ಸಂಬಂಧ ಅಂದ. ಅಧಿಕಾರಿ ಮೂಗು ಒರೆಸಿಕೊಂಡು, ಉತ್ತರ ಹೇಳಲಿ ಅಂದಳು.

"ಬೇಡ ಅಂದೆ," ಅಂದ ಫಿಂಟನ್.

"ಎಷ್ಟು ಕುಡಿದೆ?"

"ಎರಡು ಕಪ್ಪು."

ಹಿಂದೆ ಯಾರೋ ನಕ್ಕರು. ಫಿಡೆಲ್ಮಾ ನಗಲಿಲ್ಲ.

"ನೀನು ಬೇಡ ಅಂದಾಗ ನಮ್ಮತ್ತೆ ಫಿಂಟನ್‌ಗೆ ಟೀ ಬೇಡ ಅಂತ ಬರೆದಿಟ್ಟು ಒಳಗೆ ಹೋಗ್ಲಿಲ್ಲ. ಮತ್ತೆ ಕೇಳಿದ್ರು. ಯಾಕೆ ಹೇಳು? ನಿಂಗೆ ಬೇಕು ಅಂತ ಅವರಿಗೆ ಗೊತ್ತಿತ್ತು. ನಾನು ಆ ಚೀಲಗಳಿಗೆ ಎಡವಿ ಬೀಳೋದನ್ನ ನೀನು ದಿನಾ ನೋಡ್ತಿದ್ದೆ. ನಾನು ಬೇಡ ಅಂದಾಗ ನಿಂಗೆ ಗೊತ್ತಿರ್ಲಿಲ್ವಾ?"

ಫಿಂಟನ್ ತನ್ನ ದೊಡ್ಡ ಕೈಗಳನ್ನು ನೋಡಿಕೊಂಡ. ವಕೀಲ ಅವನ ಕಡೆ ಬಾಗಿ ಏನೋ ಪಿಸುಗುಟ್ಟಿದ. ಫಿಂಟನ್ ಬೇಡ ಅನ್ನುವಂತೆ ತಲೆಯಾಡಿಸಿದ.

"ಗೊತ್ತಿತ್ತು," ಅಂದ. "ಆ ಮೇಜು ಕೊಡ್ಬೇಕಂದ್ರೆ ನಾನು ಡಬ್ಲಿನ್ ಜೊತೆ ಜಗಳ ಆಡ್ಬೇಕಿತ್ತು. ನೀನು ಬೇಡ ಅಂದಾಗ ನಂಗೆ ನಿರಾಳ ಆಯ್ತು ಫಿಡೆಲ್ಮಾ."

ಅವನ ಮೇಲೆ ಸಿಟ್ಟು ಬರಬೇಕಿತ್ತು. ನನಗೆ ಬರಲಿಲ್ಲ. ಸರ್ಕಾರದ ಕಡೆ ಕೂತು ಅಷ್ಟು ಮಾತು ಹೇಳುವುದಕ್ಕೂ ಎದೆ ಬೇಕು. ನಮ್ಮಪ್ಪನ ಪೆಟ್ಟಿಗೆಯ ಭಾರ ಹೊತ್ತವನು ಅವನೇ ಅಂತ ಆಗ ನೆನಪಾಯಿತು.

ಫಿಡೆಲ್ಮಾ ಅಧಿಕಾರಿಯ ಕಡೆ ತಿರುಗಿದಳು. "ನಾನು ಬೇಡ ಅಂದಿದ್ದು ನಿಜ. ಹಾಗೆ ಅನ್ನೋದೇ ನಂಗೆ ಗೊತ್ತಿರೋದು. ಇವತ್ತು ಯಾರೂ ಕೇಳದೇನೇ ಹೇಳ್ತೀನಿ. ನಂಗೆ ನನ್ನ ಮೇಜು ಬೇಕು. ದೀಪ ಬೇಕು. ಓದಿ ಹೇಳೋ ಕಂಪ್ಯೂಟರ್ ಬೇಕು. ನಡೆಯೋ ದಾರೀಲಿ ಯಾರೂ ಚೀಲ ಇಡಬಾರದು. ನಿವೃತ್ತಿ ಬೇಡ. ಇದು ನಿಜವಾದ ಬೇಡ."

ಜಾರ್ಲತ್ ಅಳುತ್ತಿದ್ದ. ನಾನು ನೋಡದ ಹಾಗೆ ಇದ್ದೆ. ಬೇಕು ಅನ್ನುವ ಮಾತನ್ನು ಆ ಹೆಂಗಸಿನ ಬಾಯಲ್ಲಿ ನಾನು ಅವತ್ತಿನವರೆಗೆ ಕೇಳಿರಲಿಲ್ಲ, ತನ್ನ ಮದುವೆಗೆ ಕೂದಲು ಹೇಗೆ ಕತ್ತರಿಸಲಿ ಅಂತ ನಾನು ಕೇಳಿದಾಗಲೂ ನಿಮ್ಮಿಷ್ಟ ಅಂದವಳು. ಅಷ್ಟು ಜನರ ಮುಂದೆ, ಸರ್ಕಾರದ ಮುಂದೆ, ಒಂದಾದ ಮೇಲೊಂದು ಬೇಕು ಅಂದಳು.

ಕಾರಿನಲ್ಲಿ ಮನೆಗೆ ಬರುವಾಗ ನಮ್ಮಮ್ಮ ನನ್ನ ತೋಳು ತಿವಿದಳು. ಆ ದೊಡ್ಡ ಕೋಣೆಯಲ್ಲಿ ಅವಳಿಗೆ ಒಂದು ಮಾತೂ ಕೇಳಿಸಿರಲಿಲ್ಲ.

"ಕೊನೇಲಿ ಏನಂದ್ಲು?"

"ನಂಗೆ ಬೇಕು ಅಂದ್ಲು," ಅಂತ ಕೂಗಿದೆ.

"ಬೇಕಾ ಅಂತ ಕೇಳಿದ್ರಾ ಅವರು?"

"ಯಾರೂ ಕೇಳಲಿಲ್ಲ. ತಾನೇ ಅಂದ್ಲು."

ನಮ್ಮಮ್ಮ ಮನೆ ಬರುವವರೆಗೂ ಕಿಟಕಿಯಾಚೆ ನೋಡುತ್ತಾ ಕೂತಳು.

ತೀರ್ಪಿಗೆ ತಿಂಗಳುಗಟ್ಟಲೆ ಕಾಯಬೇಕಾಯಿತು. ಫಿಡೆಲ್ಮಾ ಅದೇ ಕಚೇರಿಗೆ ದಿನಾ ಹೋಗಿ ಬಂದಳು. ಕೆಲವರು ಮಾತು ಬಿಟ್ಟರು, ಕೆಲವರು ಚೀಲವನ್ನು ಕಾಲಿನ ಕೆಳಗಿನಿಂದ ಎತ್ತಿ ಮಡಿಲಲ್ಲಿಟ್ಟುಕೊಂಡರು. ಬಸ್ಸಿಗೆ ಮಕ್ಕಳನ್ನು ಹತ್ತಿಸಲು ಬಂದ ಫಿಂಟನ್‌ನ ಮಗಳು ಒಂದು ಬೆಳಿಗ್ಗೆ ಜಾರ್ಲತ್‌ಗೆ ನಮಸ್ಕಾರ ಹೇಳಿದಳು. ಅದನ್ನು ಅವನು ಊಟದ ಹೊತ್ತಿನಲ್ಲಿ ಎಲ್ಲರಿಗೂ ಎರಡು ಸಲ ಹೇಳಿದ.

ತೀರ್ಪು ಬಂದ ದಿನ ಸೋರ್ಖಾ ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ಓದಿದಳು. ಕೆಲಸ ಮಾಡುವವರ ಅಗತ್ಯವನ್ನು ಕಣ್ಣಾರೆ ಕಂಡ ಮೇಲೆ, ವರ್ಷಕ್ಕೊಮ್ಮೆ ಕೇಳಿ ಸುಮ್ಮನಾಗುವುದು ಕರ್ತವ್ಯ ಮುಗಿಸಿದಂತಲ್ಲ ಅಂತ ಅಧಿಕಾರಿ ಬರೆದಿದ್ದಳು. ಮೇಜು, ದೀಪ, ಕಂಪ್ಯೂಟರು ಎಲ್ಲ ಕೊಡಬೇಕು. ಪರಿಹಾರವೂ ಇತ್ತು. ಜಾರ್ಲತ್ ಕುರ್ಚಿಯಿಂದ ಎದ್ದ, ಏನು ಮಾಡಬೇಕೆಂದು ಗೊತ್ತಾಗದೆ ಮತ್ತೆ ಕೂತ. ಫಿಡೆಲ್ಮಾ ಪೂರ್ತಿ ಕೇಳಿದಳು. ಕೇಳಿ ಎದ್ದು ಸಿಂಕಿನ ಹತ್ತಿರ ಹೋಗಿ, ಆಲೂಗಡ್ಡೆ ಸುಲಿಯುತ್ತಿದ್ದ ನಮ್ಮಮ್ಮನ ಮುಂದೆ ಕೈ ಚಾಚಿದಳು.

"ಚಾಕು ಕೊಡಿ ಅತ್ತೆ."

ನಮ್ಮಮ್ಮ ಅವಳ ಮುಖ ನೋಡಿದಳು, ಕೈ ನೋಡಿದಳು, ಹಿಡಿಯನ್ನು ಅವಳ ಕಡೆ ತಿರುಗಿಸಿ ಕೊಟ್ಟಳು. ಫಿಡೆಲ್ಮಾ ಕಿಟಕಿಯಾಚೆ ನೋಡುತ್ತಲೇ ಸುಲಿದಳು. ಸಿಪ್ಪೆ ತೆಳ್ಳಗೆ, ಎಲ್ಲೂ ಹರಿಯದೆ, ಸಿಂಕಿಗೆ ಇಳಿಯಿತು.

ಆ ಭಾನುವಾರ ಊಟವಾದ ಮೇಲೆ ನಮ್ಮಮ್ಮ ಟೀಪಾಟು ಹಿಡಿದು ಬಂದಳು. ಮೊದಲು ಫಿಡೆಲ್ಮಾ ಹತ್ತಿರ ನಿಂತಳು.

"ಟೀ ಹಾಕಲಾ?"

"ಹೂಂ, ಹಾಕಿ," ಅಂದಳು ಫಿಡೆಲ್ಮಾ, ಕಪ್ಪನ್ನು ಅತ್ತೆಯ ಕಡೆ ಎತ್ತಿ ಹಿಡಿದು.

ಎರಡನೇ ಸಲ ಕೇಳುವ ಮಾತು ನಮ್ಮಮ್ಮನ ಬಾಯಲ್ಲಿ ಆಗಲೇ ಸಿದ್ಧವಾಗಿತ್ತು. ಎತ್ತಿದ ಕಪ್ಪು ನೋಡಿ ಅದನ್ನು ನುಂಗಿಕೊಂಡು ಕಪ್ಪು ತುಂಬಿದಳು. ಆಮೇಲೆ ಟೀಪಾಟನ್ನು ಮೇಜಿನ ಮೇಲಿಟ್ಟು, ಎರಡೂ ಕೈಯಲ್ಲಿ ಕುರ್ಚಿಯ ಬೆನ್ನು ಹಿಡಿದು ನಿಂತಳು.

"ಕಿವಿಗೆ ಹಾಕ್ತಾರಲ್ಲ, ಆ ಯಂತ್ರ," ಅಂದಳು. "ನಂಗೂ ಒಂದು ಬೇಕು. ಚರ್ಚಿನಲ್ಲಿ ಪಾದ್ರಿ ಬಾಯಿ ಆಡೋದು ಕಾಣುತ್ತೆ, ಅಷ್ಟೇ. ನೀವು ನಗೋದು ಕಾಣುತ್ತೆ, ಯಾಕೆ ಅಂತ ಗೊತ್ತಾಗಲ್ಲ. ಎಲ್ಲರ ಜೊತೆ ನಾನೂ ನಗ್ತೀನಿ."

ಜಾರ್ಲತ್ ತನ್ನ ಕುರ್ಚಿಯನ್ನು ಅವಳ ಕಡೆ ಎಳೆದುಕೊಂಡ.

"ಅಮ್ಮ," ಅಂದ ಜಾರ್ಲತ್, ಅವಳಿಗೆ ಕೇಳಿಸುವಷ್ಟು ಗಟ್ಟಿಯಾಗಿ. "ನಾನು ಕೇಳಿದ್ನಲ್ಲ ನಿನ್ನ. ನೀನೇ ಬೇಡ ಅಂದೆ."

"ಹೌದಪ್ಪ, ನೀನು ಕೇಳಿದ್ದೆ," ಅಂದಳು ನಮ್ಮಮ್ಮ. "ಒಂದೇ ಸಲ."